ಪೆಟ್ಟಿಗೆ ಹಾಲೆಂಡ್, ಪಟ್ಟಿ ಮದ್ರಾಸು, ಹೊಟ್ಟೆ ಬರ್ಮಿಂಗ್‌ಹ್ಯಾಮ್: ರಾಬರ್ಟ್‌ಸನ್‌ಪೇಟೆಯ ಬಂದೂಕು ಮೇಸ್ತ್ರಿ ಹತ್ತಿರ ಒಂದು ದಿನ

ಮೊದಲೇ ಹೇಳಿಬಿಡುತ್ತೇನೆ, ಇದು ಬಂದೂಕು ಮಾರುವ ಅಂಗಡಿಯ ರಿವ್ಯೂ ಅಲ್ಲ. ಹಳೇ ಬಂದೂಕನ್ನು ಬಿಚ್ಚಿ ನೋಡಿ, ಇದನ್ನು ಯಾರು ಮಾಡಿದ್ದು, ಯಾವ ಕಾಲದ್ದು ಅಂತ ಹೇಳುವ ಒಬ್ಬ ಮೇಸ್ತ್ರಿಯ ಕೆಲಸದ ರಿವ್ಯೂ. ಅಂಗಡಿ ಇರುವುದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ, ಎಂ.ಜಿ. ಮಾರ್ಕೆಟ್‌ನಿಂದ ನಡೆದೇ ಹೋಗಬಹುದು. ಹೆಸರು ಹಾಕಬೇಡಪ್ಪಾ ಅಂತ ಮೇಸ್ತ್ರಿಯೇ ಹೇಳಿದ್ದಾರೆ. ಹೆಸರು ಹಾಕಿದರೆ ಸುಮ್ನೆ ಫೋಟೋ ತೆಗೆಯಲು ಬರುವವರು ಜಾಸ್ತಿ ಆಗುತ್ತಾರಂತೆ. ನಿಜವಾಗಿ ಬೇಕಾದವರು ಮಾರ್ಕೆಟ್ ಹತ್ತಿರದ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ತೋರಿಸುತ್ತಾರೆ.

ನಮ್ಮ ಕಥೆ ಹೀಗೆ. ಮನೆಯಲ್ಲಿ ಒಂದು ಜೋಡಿ ನಳಿಗೆ ರೈಫಲ್ ಇದೆ. ಮುತ್ತಾತ ಗಣಿಗೆ ಮರದ ದಿಮ್ಮಿ ಸಪ್ಲೈ ಮಾಡುತ್ತಿದ್ದವರು. ಊರಿಗೆ ವಾಪಸ್ ಹೊರಟ ಒಬ್ಬ ಇಂಗ್ಲಿಷ್ ಇಂಜಿನಿಯರ್ ಹತ್ತಿರ ಅದನ್ನು ಕೊಂಡುಕೊಂಡರಂತೆ. ಅವರಿಂದ ತಾತನಿಗೆ, ತಾತನಿಂದ ಅಪ್ಪನಿಗೆ, ಈಗ ಲೈಸೆನ್ಸು ನನ್ನ ಹೆಸರಿಗೆ ಬಂದಿದೆ. 1972ರಲ್ಲಿ ವನ್ಯಜೀವಿ ಕಾಯಿದೆ ಬಂದ ಮೇಲೆ ಅದು ಬೀರುವಿನಿಂದ ಹೊರಗೆ ಬರುತ್ತಿದ್ದದ್ದು ಆಯುಧ ಪೂಜೆಗೆ ಮತ್ತು ಚುನಾವಣೆಗೆ ಮಾತ್ರ. ಚುನಾವಣೆಗೆ ಯಾಕೆ ಅಂದರೆ ಪೊಲೀಸ್ ಸ್ಟೇಷನ್‌ನಲ್ಲಿ ಡೆಪಾಸಿಟ್ ಮಾಡಬೇಕಲ್ಲ, ಅದಕ್ಕೆ. ಅಜ್ಜಿ ಅದನ್ನು 'ಹಾಲೆಂಡ್ ತುಪಾಕಿ' ಅನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ಹಾಲೆಂಡ್ ದೇಶದಿಂದ ಬಂದದ್ದು, ಟ್ಯುಲಿಪ್ ಹೂವು, ಗಾಳಿಯಂತ್ರ, ನಮ್ಮ ತುಪಾಕಿ, ಎಲ್ಲಾ ಒಂದೇ ಕಡೆಯದು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ದೇಶ ಅಲ್ಲ, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ. ರೈಫಲ್ ಇಡುವ ಚರ್ಮದ ಪೆಟ್ಟಿಗೆಯ ಮುಚ್ಚಳದ ಒಳಗೆ ಆ ಕಂಪನಿಯ ಲೇಬಲ್ ಅಂಟಿಸಿದೆ. 98, ನ್ಯೂ ಬಾಂಡ್ ಸ್ಟ್ರೀಟ್ ಅಂತ ವಿಳಾಸ ಸಮೇತ.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಬ್ಬ ಡೀಲರ್‌ಗೆ ತೋರಿಸಿದೆ. ಎಸಿ ರೂಮು, ಗಾಜಿನ ಟೇಬಲ್ಲು, ಕಾಫಿ ಬೇರೆ ಕೊಟ್ಟರು. ಪೆಟ್ಟಿಗೆ ತೆಗೆದರು, ಲೇಬಲ್ ನೋಡಿದರು, ರೈಫಲ್ ಎತ್ತಿ ಒಂದು ಸಲ ಭುಜಕ್ಕೆ ಕೊಟ್ಟರು, ಅಷ್ಟೇ. 'ಹಾಲೆಂಡ್ ಅಂಡ್ ಹಾಲೆಂಡ್, 1870, ಒರಿಜಿನಲ್' ಅಂತ ದಪ್ಪ ಕಾಗದದ ಮೇಲೆ ಪ್ರಿಂಟ್ ಮಾಡಿ, ಸೀಲ್ ಹಾಕಿ, 5,000 ರೂಪಾಯಿ ತೆಗೆದುಕೊಂಡರು. ನಳಿಗೆಯನ್ನು ಬಿಚ್ಚಲೇ ಇಲ್ಲ. ಹೊರಡುವಾಗ ಇದಕ್ಕೆ ಹೊರದೇಶದಲ್ಲಿ ಒಳ್ಳೇ ರೇಟು ಇದೆ, ಬೇಕಾದರೆ ಹೇಳಿ ಅಂತ ಮೆಲ್ಲಗೆ ಅಂದರು. ನೂರು ವರ್ಷ ದಾಟಿದ ವಸ್ತುವನ್ನು ದೇಶದಿಂದ ಆಚೆ ಕಳಿಸುವುದು ಅಷ್ಟು ಸುಲಭದ ಮಾತಲ್ಲ, ಅದಕ್ಕೂ 1972ರದ್ದೇ ಇನ್ನೊಂದು ಕಾನೂನಿದೆ. ಅವತ್ತು ನನಗೆ ಅದು ಗೊತ್ತಿರಲಿಲ್ಲ. ಕಾಗದ ತಂದು ಫ್ರೇಮ್ ಹಾಕಿಸಿದ್ದೆ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತಿದ್ದೇನೆ.

ಈ ಮೇಸ್ತ್ರಿಯ ವಿಷಯ ಹೇಳಿದ್ದು ನಮ್ಮ ಚಿಕ್ಕಪ್ಪ. ಫೋನ್ ಮಾಡಿದರೆ ಎತ್ತುವುದಿಲ್ಲ. ಐದನೇ ಸಲಕ್ಕೆ ಎತ್ತಿ, 'ಬುಧವಾರ ಬೆಳಿಗ್ಗೆ ಬಾ, ಲೈಸೆನ್ಸ್ ತರದೆ ಬರಬೇಡ' ಅಂತ ಇಟ್ಟುಬಿಟ್ಟರು. ಅಂಗಡಿ ಅಂದರೆ ಹತ್ತಡಿ ಅಗಲದ ರೂಮು. ಒಂದು ವೈಸು, ಅರಗಳ ಸಾಲು, ಕಿಟಕಿ ಪಕ್ಕ ಒಂದು ಸ್ಟೂಲು. ರಿಪೇರಿ ಲೈಸೆನ್ಸ್ ಮಾತ್ರ ಗಾಜು ಹಾಕಿಸಿ ಗೋಡೆಗೆ ನೇತು ಹಾಕಿದ್ದಾರೆ. ಮೇಸ್ತ್ರಿ ಮೊದಲು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಇದೇ ಪೂರ್ತಿ ಕೆಲಸ. ಅವರ ಅಪ್ಪ ದೊರೆಗಳ ಬಂದೂಕು ರಿಪೇರಿ ಮಾಡುತ್ತಿದ್ದವರಂತೆ. ನಾನು ಬ್ಯಾಗಿನ ಜಿಪ್ಪಿಗೆ ಕೈ ಹಾಕಿದ ತಕ್ಷಣ, 'ಮೊದಲು ಪುಸ್ತಕ ಕೊಡಪ್ಪಾ' ಅಂದರು. ಲೈಸೆನ್ಸ್ ಪುಸ್ತಕದ ನಂಬರು ಬರೆದುಕೊಂಡು, ಅದನ್ನು ರೈಫಲ್ ಮೇಲಿನ ನಂಬರಿಗೆ ತಾಳೆ ನೋಡಿ, ಎರಡೂ ನಳಿಗೆ ಖಾಲಿ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕೂತುಕೊಳ್ಳಲು ಹೇಳಿದರು. ನನಗೆ ಅಲ್ಲೇ ನಂಬಿಕೆ ಬಂತು.

ನಾನು ಹೆಮ್ಮೆಯಿಂದ ಪೆಟ್ಟಿಗೆಯ ಮುಚ್ಚಳ ತೆಗೆದು ಲೇಬಲ್ ತೋರಿಸಿದೆ. ಅವರು ಪೆಟ್ಟಿಗೆಯನ್ನು ಎತ್ತಿ ಬಾಗಿಲ ಹೊರಗೆ ಇಟ್ಟು ಬಂದರು!

'ಏನ್ ಮೇಸ್ತ್ರೀ?'

'ಹೆಣ್ಣು ನೋಡೋಕೆ ಹೋದ್ರೆ ಸೀರೆ ನೋಡ್ತಾರಾ? ಪೆಟ್ಟಿಗೆ ಯಾರ್ದೋ, ಬಂದೂಕು ಯಾರ್ದೋ. ಒಳಗಡೆ ಮಕಮಲ್ ನೋಡ್ದಾ, ಇನ್ನೊಂದು ಉದ್ದದ ನಳಿಗೆಗೆ ಕತ್ತರಿಸಿರೋದು ಅದು. ನಿಂದು ಅದ್ರಲ್ಲಿ ಅಲ್ಲಾಡ್ತಿತ್ತಾ ಇಲ್ವಾ?'

ಅಲ್ಲಾಡುತ್ತಿತ್ತು. ನಾನು ಹುಟ್ಟಿದಾಗಿನಿಂದ ಅಲ್ಲಾಡುತ್ತಿತ್ತು. ಅದಕ್ಕೆ ಅಪ್ಪ ಒಂದು ಹಳೇ ಪಂಚೆ ಮಡಚಿ ಇಟ್ಟಿದ್ದರು. ಯಾರಿಗೂ ತಲೆಗೆ ಹೋಗಿರಲಿಲ್ಲ.

ಆಮೇಲೆ ಅವರು ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರು. ನಮ್ಮ ಮನೆಯವರು ಅಲ್ಲಿ ಬರೀ ಗೆರೆ, ಹೂಬಳ್ಳಿ ಇದೆ ಅಂದುಕೊಂಡಿದ್ದೆವು. ಅವರು ಸೀಮೆಸುಣ್ಣದ ಪುಡಿ ಉದುರಿಸಿ, ಬೆರಳಲ್ಲಿ ಸವರಿ, ರೈಫಲನ್ನು ಕಿಟಕಿಯ ಓರೆ ಬೆಳಕಿಗೆ ತಿರುಗಿಸಿದರು. ಬಿಳಿ ಅಕ್ಷರ ಒಂದೊಂದಾಗಿ ಕಾಣಿಸಿತು. ಪಿ. ಓರ್ ಅಂಡ್ ಸನ್ಸ್, ಮದ್ರಾಸ್. ಲಂಡನ್ನೂ ಇಲ್ಲ, ಹಾಲೆಂಡೂ ಇಲ್ಲ. ಮೌಂಟ್ ರೋಡಿನ ಗಡಿಯಾರದ ಅಂಗಡಿ! ಮದ್ರಾಸಿನವರಿಗೆ ಆ ಹೆಸರು ಚೆನ್ನಾಗಿ ಗೊತ್ತು. ಗಡಿಯಾರ, ಬೆಳ್ಳಿ ಸಾಮಾನಿನ ಜೊತೆ ಬಂದೂಕನ್ನೂ ಮಾರುತ್ತಿದ್ದರು. ಕೆಜಿಎಫ್‌ನ ದೊರೆಗಳಿಗೆ ಮದ್ರಾಸು ದೂರ ಇರಲಿಲ್ಲ, ಬೌರಿಂಗ್‌ಪೇಟೆಗೆ, ಅಂದರೆ ಈಗಿನ ಬಂಗಾರಪೇಟೆಗೆ, ಬಂದು ರೈಲು ಹತ್ತಿದರೆ ಆಯಿತು.

ಸರಿ, ಹಾಗಾದರೆ ಇದನ್ನು ಮಾಡಿದ್ದು ಓರ್ ಕಂಪನಿ ಅಂತ ನಾನು ಅಂದೆ. ಮೇಸ್ತ್ರಿ ನಕ್ಕರು. ಬಟ್ಟೆ ಅಂಗಡಿಯವನು ಚೀಲದ ಮೇಲೆ ತನ್ನ ಹೆಸರು ಹಾಕಿಸುತ್ತಾನೆ, ಹಾಗಂತ ಸೀರೆ ನೇಯುತ್ತಾನಾ ಅಂದರು. ಇದೇ ನೋಡಿ ಎಲ್ಲರೂ ಎಡವುವ ಜಾಗ. ಆ ಕಾಲದಲ್ಲಿ ಕಲ್ಕತ್ತಾದ ಮ್ಯಾಂಟನ್, ರೊಡ್ಡಾ, ಲಯನ್ ಅಂಡ್ ಲಯನ್, ವಾಲ್ಟರ್ ಲಾಕ್, ಮತ್ತೆ ಆರ್ಮಿ ಅಂಡ್ ನೇವಿ ಸ್ಟೋರ್ಸ್, ಇವರೆಲ್ಲರ ಹೆಸರು ಪಟ್ಟಿಯ ಮೇಲೆ ಬಂಗಾರದ ಅಕ್ಷರದಲ್ಲಿ ಇರುತ್ತದೆ. ಆದರೆ ಇವರು ಮುಖ್ಯವಾಗಿ ಮಾರುವವರು. ಮಾಲು ಬರುತ್ತಿದ್ದದ್ದು ಹೆಚ್ಚಾಗಿ ಬರ್ಮಿಂಗ್‌ಹ್ಯಾಮ್‌ನಿಂದ. ರೊಡ್ಡಾ ಅಂದ ತಕ್ಷಣ ಕೆಲವರಿಗೆ ನೆನಪಾಗಬಹುದು, 1914ರ ಆಗಸ್ಟ್‌ನಲ್ಲಿ ಬಂಗಾಳದ ಕ್ರಾಂತಿಕಾರಿಗಳು ಅದೇ ಕಂಪನಿಯ 50 ಮೌಸರ್ ಪಿಸ್ತೂಲು, 46,000 ತೋಟಾಗಳನ್ನು ಹಾರಿಸಿಕೊಂಡು ಹೋಗಿದ್ದರು. ಮ್ಯಾಂಟನ್ ಹೆಸರಂತೂ ದೊಡ್ಡ ಗೊಂದಲ. ಲಂಡನ್ನಿನ ಜೋಸೆಫ್ ಮ್ಯಾಂಟನ್ ಬಹಳ ದೊಡ್ಡ ಕೆಲಸಗಾರ. ಪರ್ಡಿ ಅನ್ನುವ ಬಂದೂಕು ಕಂಪನಿ ಶುರು ಮಾಡಿದ ಜೇಮ್ಸ್ ಪರ್ಡಿ ಕೆಲಸ ಮಾಡಿದ್ದು ಅವನ ಹತ್ತಿರವೇ. ಆದರೆ ಜೋಸೆಫ್ ಮ್ಯಾಂಟನ್ 1835ರಲ್ಲೇ ತೀರಿಕೊಂಡ. ಹಿಂದಿನಿಂದ ಮುರಿದು ತೋಟಾ ತುಂಬುವ ಎಕ್ಸ್‌ಪ್ರೆಸ್ ರೈಫಲ್ ಹಿಡಿದುಕೊಂಡು, ಇದು ಆ ಮ್ಯಾಂಟನ್ನೇ ಮಾಡಿದ್ದು ಅಂತ ಯಾರಾದರೂ ಹೇಳಿದರೆ ಕಾಫಿ ಕುಡಿದು ಎದ್ದು ಬನ್ನಿ.

ಲಂಡನ್ನಿನ ದೊಡ್ಡ ಹೆಸರುಗಳೂ ಎಲ್ಲವನ್ನೂ ತಾವೇ ಮಾಡುತ್ತಿರಲಿಲ್ಲ ಅನ್ನುವುದು ನನಗೆ ಹೊಸ ವಿಷಯ. ಹಾಲೆಂಡ್ ಹೆಸರಿನಲ್ಲಿ ಹೋದ ಎಷ್ಟೋ ಬಂದೂಕುಗಳನ್ನು ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯು ಅಂಡ್ ಸಿ ಸ್ಕಾಟ್ ಮಾಡಿಕೊಟ್ಟಿದ್ದರು. ಅಂದರೆ ಪೆಟ್ಟಿಗೆಯಲ್ಲಿ ನಿಜವಾಗಿಯೂ ಹಾಲೆಂಡ್ ರೈಫಲ್ಲೇ ಇದ್ದಿದ್ದರೂ 'ಮಾಡಿದ್ದು ಯಾರು' ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತಿತ್ತು!

ಈಗ ಮುಖ್ಯ ಭಾಗ. ಮುಂದಿನ ಮರದ ತುಂಡು ತೆಗೆದು, ನಳಿಗೆಯನ್ನು ಆಕ್ಷನ್‌ನಿಂದ, ಅಂದರೆ ಗುಂಡು ಹಾರಿಸುವ ಯಂತ್ರ ಇರುವ ಲೋಹದ ಭಾಗದಿಂದ, ಕಳಚಿ, ತಿರುಗಿಸಿ, ತಳದ ಚಪ್ಪಟೆ ಭಾಗ ಮೇಲೆ ಬರುವಂತೆ ಬಟ್ಟೆಯ ಮೇಲೆ ಮಲಗಿಸಿದರು. ಬಂದೂಕಿನ ಜಾತಕ ಇರುವುದು ಅಲ್ಲಿ. ನೂರು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಅಲ್ಲಿ ನೋಡಿರಲಿಲ್ಲ. ಬಟರ್ ಪೇಪರ್ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ ಎಲ್ಲಾ ಗುರುತುಗಳ ಪಡಿಯಚ್ಚು ತೆಗೆದರು. ಅಂಥ ಪಡಿಯಚ್ಚುಗಳದ್ದೇ ಎರಡು ದಪ್ಪ ನೋಟ್‌ಬುಕ್ ಅವರ ಹತ್ತಿರ ಇದೆ, ಅಪ್ಪನ ಕಾಲದಿಂದ.

ಇಂಗ್ಲೆಂಡಿನಲ್ಲಿ ಯಾವ ನಳಿಗೆಯನ್ನಾದರೂ ಮಾರುವ ಮುಂಚೆ ಜಾಸ್ತಿ ಮದ್ದು ತುಂಬಿ ಹೊಡೆದು ಪರೀಕ್ಷೆ ಮಾಡಬೇಕು, ಪಾಸಾದರೆ ಗುರುತು ಒತ್ತುತ್ತಾರೆ. ಇದನ್ನು ಮಾಡುವ ಪ್ರೂಫ್ ಹೌಸುಗಳು ಎರಡು, ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್. ಬರ್ಮಿಂಗ್‌ಹ್ಯಾಮ್‌ನದ್ದು 1813ರ ಕಾಯಿದೆಯಿಂದ ಬಂದದ್ದು. ಅಲ್ಲಿಂದ 1904ರ ತನಕ ಅವರ ಗುರುತು ಎಂದರೆ ಕಿರೀಟ, ಅದರ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡ, ನಡುವೆ ಅಕ್ಷರ. 1904ರಲ್ಲಿ ನಿಯಮ ಬದಲಾಯಿತು. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಅನ್ನುವ ಜೋಡಿ ಅಕ್ಷರಗಳು ಬಂದವು. ಎನ್‌ಪಿ ಅಂದರೆ ನೈಟ್ರೊ ಪ್ರೂಫ್, ಕರಿಮದ್ದಲ್ಲ, ಹೊಗೆ ಇಲ್ಲದ ಹೊಸ ಮದ್ದಿಗೆ ಪರೀಕ್ಷೆ ಆದದ್ದು. ಲಂಡನ್ನಿನ ನೈಟ್ರೊ ಗುರುತು ಬೇರೆ, ಅಲ್ಲಿ ಕತ್ತಿ ಹಿಡಿದ ತೋಳು ಇರುತ್ತದೆ. ನಮ್ಮದರಲ್ಲಿ ಇದ್ದದ್ದು ಬಿಪಿ, ಬಿವಿ, ಎನ್‌ಪಿ, ಮೂರೂ ಕಿರೀಟದ ಕೆಳಗೆ. ರಾಜದಂಡ ಎಲ್ಲೂ ಇಲ್ಲ.

'1904 ಆದ್ಮೇಲೆ' ಅಂತ ನೋಟ್‌ಬುಕ್‌ನಲ್ಲಿ ಬರೆದರು. ನನ್ನ ಫ್ರೇಮ್ ಹಾಕಿದ 1870 ಅಲ್ಲೇ ಸತ್ತಿತು.

ಆದರೆ ಅವರು ಬಿಡಲಿಲ್ಲ, ಆ ಸರ್ಟಿಫಿಕೇಟಿನ ಫೋಟೋ ಮೊಬೈಲಿನಲ್ಲಿ ನೋಡಿ ಇನ್ನೂ ಮೂರು ಕಡೆಯಿಂದ ಅದನ್ನು ಹೂತು ಹಾಕಿದರು. ಹಾಲೆಂಡ್ ಅಂಡ್ ಹಾಲೆಂಡ್ ಅನ್ನುವ ಜೋಡಿ ಹೆಸರೇ ಬಂದದ್ದು 1876ರಲ್ಲಿ, ಅದಕ್ಕೂ ಮುಂಚೆ ಬರೀ ಎಚ್. ಹಾಲೆಂಡ್. ನಮ್ಮ ರೈಫಲ್‌ಗೆ ಹೊರಗೆ ಹ್ಯಾಮರ್ ಇಲ್ಲ, ನಳಿಗೆ ಮುರಿದರೆ ಒಳಗೇ ಕಾಕ್ ಆಗುತ್ತದೆ, ಅಂದರೆ ಹೊಡೆಯಲು ಸಜ್ಜಾಗುತ್ತದೆ. ಆ ಏರ್ಪಾಡಿಗೆ ಆನ್ಸನ್, ಡೀಲಿ ಅನ್ನುವ ಇಬ್ಬರು ಪೇಟೆಂಟ್ ತೆಗೆದುಕೊಂಡದ್ದು 1875ರಲ್ಲಿ, ಆಗ ಅವರು ವೆಸ್ಟ್ಲಿ ರಿಚರ್ಡ್ಸ್ ಕಂಪನಿಯಲ್ಲಿದ್ದರು. ಇನ್ನು ನಳಿಗೆಯ ಮೇಲೆ ಕಾರ್ಡೈಟ್ ಅಂತ ಬರೆದಿದೆ. ಕಾರ್ಡೈಟ್ ಮದ್ದು ಕಂಡುಹಿಡಿದದ್ದೇ 1889ರಲ್ಲಿ. ಇಷ್ಟೆಲ್ಲಾ ಇರುವಾಗ 1870 ಅಂತ ಬರೆಯಲು ಧೈರ್ಯ ಬೇಕು ಅಲ್ವಾ?

ಪೇಟೆಂಟ್ ವಿಷಯದಲ್ಲಿ ಅವರು ಹೇಳಿದ ಒಂದು ಮಾತು ನನಗೆ ತುಂಬಾ ಉಪಯೋಗಕ್ಕೆ ಬಂತು. ಪೇಟೆಂಟಿನ ವರ್ಷ 'ಇದಕ್ಕಿಂತ ಮುಂಚಿನದಲ್ಲ' ಅಂತ ಮಾತ್ರ ಹೇಳುತ್ತದೆ, 'ಇದಕ್ಕಿಂತ ಆಮೇಲಿನದಲ್ಲ' ಅಂತ ಯಾವತ್ತೂ ಹೇಳುವುದಿಲ್ಲ. ಟ್ರಿಗರ್ ಗಾರ್ಡಿನ ಕೆಳಗೆ ಬಾಗಿದ ಲಿವರ್ ಇರುವ ರೈಫಲ್ ನೋಡಿರಬಹುದು, ಅದು ಹೆನ್ರಿ ಜೋನ್ಸ್ ಅನ್ನುವವನ 1859ರ ಪೇಟೆಂಟ್. ಅಂಥದ್ದು ಕಂಡರೆ ಜನ 1860 ಅಂದುಬಿಡುತ್ತಾರೆ. ಆದರೆ ಆ ಲಿವರ್ ಬಹಳ ಗಟ್ಟಿ ಅಂತ ದೊಡ್ಡ ರೈಫಲ್ಲುಗಳಿಗೆ 1900 ದಾಟಿದ ಮೇಲೂ ಹಾಕುತ್ತಿದ್ದರು. ಕಾಡಿನಲ್ಲಿ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಹೇಳಿ, ಹಳೇದೇ ಇರಲಿ ಅನ್ನುವವರು ಆಗಲೂ ಇದ್ದರು.

ಅಂಗಡಿಯ ವಿಳಾಸವೂ ಹಾಗೇ, ಕೆಲವರದ್ದು ಉಪಯೋಗ, ಕೆಲವರದ್ದು ಇಲ್ಲ. ಪರ್ಡಿಯವರದ್ದು ಆಕ್ಸ್‌ಫರ್ಡ್ ಸ್ಟ್ರೀಟ್ ಅಂತಿದ್ದರೆ ಹಳೇದು, 1880ರ ದಶಕದ ಮೊದಲಲ್ಲಿ ಅವರು ಸೌತ್ ಆಡ್ಲಿ ಸ್ಟ್ರೀಟಿಗೆ ಹೋದರು. ರಿಗ್ಬಿ ಅನ್ನುವ ಇನ್ನೊಂದು ಬಂದೂಕು ಕಂಪನಿಯದ್ದು ಡಬ್ಲಿನ್ ಅಂಡ್ ಲಂಡನ್ ಅಂತಿದ್ದರೆ 1897ರ ಒಳಗಿನದು, ಆ ವರ್ಷ ಡಬ್ಲಿನ್ ಅಂಗಡಿ ಕೈಬಿಟ್ಟರು. ನಮ್ಮ ಪೆಟ್ಟಿಗೆಯ 98, ನ್ಯೂ ಬಾಂಡ್ ಸ್ಟ್ರೀಟ್ ಮಾತ್ರ ಯಾವುದಕ್ಕೂ ಬರುವುದಿಲ್ಲ, ಹಾಲೆಂಡಿನವರು ಹತ್ತಿರ ಹತ್ತಿರ ನೂರು ವರ್ಷ ಅಲ್ಲೇ ಇದ್ದರು.

ಈಗ ಯಾವ ಬೋರು, ಅಂದರೆ ನಳಿಗೆಯ ಒಳಗಿನ ಅಳತೆ ಯಾವುದು ಅನ್ನುವ ವಿಷಯ. ತಳದಲ್ಲಿ ಸಣ್ಣ ಅಕ್ಷರದಲ್ಲಿ 'ಕಾರ್ಡೈಟ್ 70-480 ಮ್ಯಾಕ್ಸ್' ಅಂತಿತ್ತು. ನಾನು ಅದನ್ನು ಯಾವುದೋ ಮಾಡೆಲ್ ನಂಬರ್ ಅಂದುಕೊಂಡೆ. ಅದು 70 ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಅಳತೆ) ಮದ್ದು, 480 ಗ್ರೇನ್ ಗುಂಡು, ಅದಕ್ಕಿಂತ ಮೇಲೆ ಹಾಕಬೇಡ ಅನ್ನುವ ಎಚ್ಚರಿಕೆ. ಆ ಲೆಕ್ಕ .450 (ಇಂಚಿನ ಲೆಕ್ಕದ ಬೋರು) ನೈಟ್ರೊ ಎಕ್ಸ್‌ಪ್ರೆಸ್‌ನದ್ದು. ಜಾನ್ ರಿಗ್ಬಿ ಅದನ್ನು ತಂದದ್ದು 1898ರಲ್ಲಿ. .470 ಆಗಿದ್ದರೆ 75-500 ಇರುತ್ತಿತ್ತು, .577 ಆಗಿದ್ದರೆ 100-750. ಬರೆದದ್ದನ್ನು ನಂಬಿ ಸುಮ್ಮನಾಗಬಹುದಿತ್ತು. ಆದರೆ ನಮ್ಮ ದೇಶದಲ್ಲಿ ತೋಟಾ ಸಿಗದೆ ಇಂಥ ರೈಫಲ್ಲುಗಳ ನಳಿಗೆ ಕೊರೆಸಿ ಬೇರೆ ಬೋರ್ ಮಾಡಿಸಿದವರೂ ಇದ್ದಾರೆ ಅಂತ ಮೇಸ್ತ್ರಿ ಅಳತೆ ನೋಡಿಯೇ ನೋಡುತ್ತೇನೆ ಅಂದರು. ಒಂದು ಸಣ್ಣ ಸೌಟಿನಲ್ಲಿ ಗಂಧಕ ಕರಗಿಸಿ, ತೋಟಾ ಕೂರುವ ಜಾಗಕ್ಕೆ ಹೊಯ್ದು, ಆರಿದ ಮೇಲೆ ಹಿಂದಕ್ಕೆ ತಳ್ಳಿ ತೆಗೆದರು. ಹಳದಿ ಮೇಣದಬತ್ತಿ ಥರ ಬಂತು. ವಾಸನೆ ಮಾತ್ರ ದೇವರೇ ಗತಿ, ಪಕ್ಕದ ಟೈಲರ್ ಬಂದು ಬೈದು ಹೋದ. ವರ್ನಿಯರ್ ಇಟ್ಟರೆ ಉದ್ದ 82.5 ಮಿ.ಮೀ., ಅಂದರೆ ಮೂರೂಕಾಲು ಇಂಚು. ಸರಿಯಾಗಿ ಕೂತಿತು.

ಇಲ್ಲಿ ಪ್ರಾಣದ ವಿಷಯವೂ ಇದೆ, ಸ್ವಲ್ಪ ಗಮನ ಇಟ್ಟು ಓದಿ. ಇದೇ ಮೂರೂಕಾಲು ಇಂಚಿನ .450 ತೋಟಾ ಹಳೇ ಕರಿಮದ್ದಿನ ಕಾಲದಲ್ಲೂ ಇತ್ತು. ಗಾತ್ರ ಒಂದೇ. ಹಾಗಾಗಿ ನೈಟ್ರೊ ತೋಟಾ ಕರಿಮದ್ದಿನ ಹಳೇ ರೈಫಲ್ಲಿನಲ್ಲಿ ಆರಾಮಾಗಿ ಕೂರುತ್ತದೆ, ಟ್ರಿಗರ್ ಎಳೆದ ಮೇಲೆ ಮಾತ್ರ ಕಥೆ ಬೇರೆ. ತಳದ ಗುರುತು ಓದಲು ಬಾರದವನ ಕೈಯಲ್ಲಿ ಅದು ಬಾಂಬು. ಗುರುತು ಸರಿ ಇದ್ದ ಮಾತ್ರಕ್ಕೆ ಹೊಡೆಯಬಹುದು ಅಂತಲೂ ಅಲ್ಲ. ನೂರು ವರ್ಷದ ಹಿಂದೆ ಪಾಸಾದ ಪರೀಕ್ಷೆ ಅದು, ಆಮೇಲೆ ಎಷ್ಟು ಸಲ ಉಜ್ಜಿದ್ದಾರೋ, ಒಳಗೆ ಎಷ್ಟು ತುಕ್ಕು ತಿಂದಿದೆಯೋ. ನಮ್ಮದರ ಎಡ ನಳಿಗೆಯಲ್ಲಿ ಒಂದು ಕಡೆ ಗುಳಿ ಬಿದ್ದಿದೆ ಅಂತ ದೀಪ ಹಾಕಿ ತೋರಿಸಿದರು. ಬೆಂಗಳೂರಿನವರು ಅದನ್ನು 'ಎಕ್ಸಲೆಂಟ್ ಬೋರ್' ಅಂತ ಬರೆದಿದ್ದರು.

ಆಮೇಲೆ ಅವರು ಕೇಳಿದ ಪ್ರಶ್ನೆ: 'ಇದು .450, ಸರಿ. ಹಾಗಾದ್ರೆ ಎಲ್ಲೀ ತನ್ಕ ಮದ್ರಾಸಲ್ಲಿ ಮಾರಿರಬೋದು?' ನನಗೇನು ಗೊತ್ತು. ಅವರೇ ಹೇಳಿದರು. ಮುಂಚೆ ಸೈನ್ಯದಲ್ಲಿದ್ದ ಹಳೇ ಮಾರ್ಟಿನಿ ಹೆನ್ರಿ ರೈಫಲ್ಲಿನ ಗುಂಡೂ .450. ಆ ರೈಫಲ್ಲುಗಳು ಎಷ್ಟೋ ಕೈ ಬದಲಾಗಿದ್ದವು. ಶಿಕಾರಿಯ ಗುಂಡು ದಂಗೆಯವರ ಕೈಗೆ ಸಿಕ್ಕಿದರೆ ಕಷ್ಟ ಅಂತ ಬ್ರಿಟಿಷ್ ಸರಕಾರ 1907ರಲ್ಲಿ ಇಂಡಿಯಾಕ್ಕೆ .450 ಬರುವುದನ್ನೇ ನಿಲ್ಲಿಸಿತು. ಹಾಲೆಂಡಿನವರು .500/465 ತಂದದ್ದು, .470, .475, .476 ಅಂತ ಅಕ್ಕಪಕ್ಕದ ಅಳತೆಗಳಿಗೆ ಇಲ್ಲಿ ಬೇಡಿಕೆ ಬಂದದ್ದು, ಎಲ್ಲಾ ಇದೇ ಕಾರಣಕ್ಕೆ. ಹಾಗಾದರೆ ಮದ್ರಾಸಿನ ಅಂಗಡಿಯ ಹೆಸರಿರುವ .450 ರೈಫಲ್, 1904ರ ಗುರುತು ಇರುವುದು, 1907ರ ಬಾಗಿಲು ಮುಚ್ಚುವ ಮುಂಚೆ ಬಂದದ್ದು. ಮೂರು ವರ್ಷದ ಸಂದು! ಒಂದು ಕಾಗದ ಪತ್ರ ಇಲ್ಲದೆ, ಬರೀ ಕಬ್ಬಿಣದ ಮೇಲಿನ ಗುರುತು ಓದಿ ಇಷ್ಟು ಹತ್ತಿರ ಬಂದರು. ನನಗೆ ಅಲ್ಲಿ ಕೂತು ಮೈ ಜುಂ ಅಂತು. ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟ್ ಬಂದದ್ದು 1902ರಲ್ಲಿ, ಈ ರೈಫಲ್ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಮನೆಯಲ್ಲಿ ಎಲ್ಲರೂ ವಿಕ್ಟೋರಿಯಾ ರಾಣಿ ಕಾಲದ್ದು ಅನ್ನುತ್ತಿದ್ದರು, ಪಾಪ ರಾಣಿ 1901ರಲ್ಲೇ ಹೋಗಿದ್ದಳು.

ಮಾಡಿದ್ದು ಯಾರು ಅನ್ನುವುದಕ್ಕೆ ಅವರ ಉತ್ತರ ಅಷ್ಟು ನೇರವಾಗಿರಲಿಲ್ಲ, ಅದೇ ನನಗೆ ಹೆಚ್ಚು ಇಷ್ಟವಾದದ್ದು. ನಳಿಗೆಯ ಹಿಂದೆ ಚಾಚಿರುವ ತುದಿಯನ್ನು ಲಿವರ್ ತಿರುಗಿದಾಗ ತಿರುಪಿನಂತೆ ಬಿಗಿಯುವ ಒಂದು ಏರ್ಪಾಡಿದೆ, ಸ್ಕ್ರೂ ಗ್ರಿಪ್ ಅನ್ನುತ್ತಾರೆ. ಅದು ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಅನ್ನುವ ಬಂದೂಕು ಕಂಪನಿಯವರದ್ದು. ಆಕ್ಷನ್ ಒಳಗೆ ವೆಬ್ಲಿ ಅಂಡ್ ಸ್ಕಾಟ್ ಗುರುತು ಭೂತಗನ್ನಡಿಯಲ್ಲಿ ಕಾಣುತ್ತದೆ. ವೆಬ್ಲಿ, ಸ್ಕಾಟ್, ಎಲ್ಲಿಸ್ ಮೂರು ಮನೆ ಕೂಡಿ ಒಂದಾದದ್ದು 1897ರಲ್ಲಿ, ಹಾಗಾಗಿ ವರ್ಷವೂ ತಾಳೆ ಆಗುತ್ತದೆ. ಬರ್ಮಿಂಗ್‌ಹ್ಯಾಮ್‌ನ ವೀಮನ್ ಸ್ಟ್ರೀಟಿನಲ್ಲಿ ಅವರ ಕಾರ್ಖಾನೆ. 'ಅಂದ್ರೆ ವೆಬ್ಲಿ ಅಂಡ್ ಸ್ಕಾಟ್ ಮಾಡಿದ್ದು ಅಂತ ಬರೀಬೋದಾ?' ಅಂದೆ. ಬರೆಯಬೇಡ ಅಂದರು. ಅವರು ಎಷ್ಟೋ ಜನಕ್ಕೆ ಬರೀ ಆಕ್ಷನ್ ಮಾರುತ್ತಿದ್ದರು. ನಳಿಗೆಯ ಕೆಳಗೆ ಬೇರೆ ಇಬ್ಬರ ಇನಿಷಿಯಲ್ ಇದೆ. ನಳಿಗೆ ಒಬ್ಬ, ಮರ ಒಬ್ಬ, ಕೆತ್ತನೆ ಒಬ್ಬ, ಕೊನೆಗೆ ಎರಡು ನಳಿಗೆಯೂ ಒಂದೇ ಜಾಗಕ್ಕೆ ಹೊಡೆಯುವ ಹಾಗೆ ತುದಿಯ ಬೆಣೆ ಸರಿಸಿ, ಹೊಡೆದು ನೋಡಿ, ಮತ್ತೆ ಸರಿಸಿ ಬೆಸೆಯುವವನು ಇನ್ನೊಬ್ಬ. ಜೋಡಿ ರೈಫಲ್ಲಿನ ಬೆಲೆಯಲ್ಲಿ ಈ ಕೊನೆಯವನ ಕೂಲಿ ಸಣ್ಣದಲ್ಲ. ಆ ಬೀದಿಗಳಲ್ಲಿ ಇಂಥವರು ಮನೆ ಮನೆಗೂ ಇದ್ದರು. ಅದಕ್ಕೆ ಅವರು ಬರೆದುಕೊಟ್ಟದ್ದು ಹೀಗೆ: ಮಾರಿದವರು ಓರ್, ಮದ್ರಾಸು, ಆಕ್ಷನ್ ವೆಬ್ಲಿ ಅಂಡ್ ಸ್ಕಾಟ್, ಪೂರ್ತಿ ಮಾಡಿದ್ದು ಬರ್ಮಿಂಗ್‌ಹ್ಯಾಮ್ ಕೆಲಸಗಾರರು, 1904ರಿಂದ 1907. ಆಕ್ಷನ್, ನಳಿಗೆ, ಮುಂದಿನ ಮರ, ಮೂರರ ಮೇಲೂ ಒಂದೇ ನಂಬರ್ ಇದೆ, ಯಾವುದನ್ನೂ ಬದಲಾಯಿಸಿಲ್ಲ ಅಂತ ಕೆಳಗೆ ಒಂದು ಸಾಲು.

ನಾನು ಕೂತಿದ್ದಾಗಲೇ ಮುಳಬಾಗಿಲು ಕಡೆಯ ಒಬ್ಬರು ಒಂದು ಜೋಡಿ ನಳಿಗೆ ಶಾಟ್‌ಗನ್ ತಂದರು, ಲೈಸೆನ್ಸ್ ಪುಸ್ತಕದ ಭಾಷೆಯಲ್ಲಿ ಡಿಬಿಬಿಎಲ್. ಡಬ್ಲ್ಯು. ರಿಚರ್ಡ್ಸ್ ಅಂತ ದಪ್ಪ ಅಕ್ಷರ. ಅವರು ಅದನ್ನು ವೆಸ್ಟ್ಲಿ ರಿಚರ್ಡ್ಸ್ ಅಂತ ನಂಬಿ ಮೂವತ್ತು ವರ್ಷ ಸಾಕಿದ್ದಾರೆ. ಮೇಸ್ತ್ರಿ ಬಿಚ್ಚಿದರು. ಒಂದು ಮೊಟ್ಟೆಯಾಕಾರದ ಗೆರೆ, ಒಳಗೆ ಇಎಲ್‌ಜಿ, ಮೇಲೆ ಕಿರೀಟ. ಅದು ಬೆಲ್ಜಿಯಂನ ಲೀಜ್ ಊರಿನ ಗುರುತು, ಕಿರೀಟ ಇದ್ದರೆ 1893ರ ಆಮೇಲಿನದು. ಇಂಗ್ಲಿಷ್ ಹೆಸರಿಗೆ ಹತ್ತಿರ ಹತ್ತಿರದ ಹೆಸರು ಕೆತ್ತಿ ಅಗ್ಗಕ್ಕೆ ಮಾರುವುದು ಆಗ ದೊಡ್ಡ ವ್ಯಾಪಾರ. ಆ ಯಜಮಾನರ ಮುಖ ನೋಡಿ ನನಗೇ ಬೇಜಾರಾಯಿತು. ಮೇಸ್ತ್ರಿ ಸಮಾಧಾನ ಹೇಳುವ ಆಸಾಮಿ ಅಲ್ಲ. 'ಹಂದಿ ಓಡ್ಸೋಕೆ ಬೆಲ್ಜಿಯಂ ಆದ್ರೇನು, ಬರ್ಮಿಂಗ್‌ಹ್ಯಾಮ್ ಆದ್ರೇನು' ಅಂತ ಕೈಗೆ ಕೊಟ್ಟರು.

ಈಗ ಕುಂದುಕೊರತೆ. ಒಂದು, ಟೈಮ್. ಬೆಳಿಗ್ಗೆ ಹತ್ತಕ್ಕೆ ಹೋದವನು ಹೊರಟದ್ದು ಸಂಜೆ ನಾಲ್ಕೂವರೆಗೆ. ಮಧ್ಯೆ ಅವರು ಊಟಕ್ಕೆ ಹೋದಾಗ ರೈಫಲ್ ಬಿಟ್ಟು ಹೋಗುವ ಹಾಗಿಲ್ಲ, ಹಿಡಿದುಕೊಂಡು ಹೋಟೆಲಿಗೂ ಹೋಗುವ ಹಾಗಿಲ್ಲ. ಹಸಿದುಕೊಂಡು ಅಲ್ಲೇ ಕೂತಿದ್ದೆ. ಬಂಗಾರಪೇಟೆಗೆ ಬಂದು ಆ ತಿಳಿನೀರಿನ ಪಾನಿಪುರಿ ಎರಡು ಪ್ಲೇಟ್ ತಿಂದ ಮೇಲೆ ಜೀವ ಬಂತು, ಬಂದೂಕು ಕಾರಿನಲ್ಲಿ ಚಿಕ್ಕಪ್ಪನ ಕಾವಲಲ್ಲಿ. ಎರಡು, ಬರೆದುಕೊಡುವ ಕಾಗದ. ರೂಲ್ಡ್ ಹಾಳೆ, ಡಾಕ್ಟರ್ ಕೈಬರಹ, ಪಕ್ಕದಲ್ಲಿ ಎಣ್ಣೆಯ ಹೆಬ್ಬೆರಳಚ್ಚು. ಲೆಟರ್‌ಹೆಡ್ ಇಲ್ಲ, ಬಿಲ್ ಕೇಳಿದರೆ ಮಾತ್ರ. ಮೂರು, ರೇಟು ಹೇಳುವುದಿಲ್ಲ. ಎಷ್ಟಕ್ಕೆ ಹೋಗುತ್ತದೆ ಅಂತ ನಾನು ಎರಡು ಸಲ ಕೇಳಿದೆ, ಎರಡು ಸಲವೂ ಅರ ತೆಗೆದುಕೊಂಡು ಬೇರೆ ಕೆಲಸ ಶುರು ಮಾಡಿದರು. ಇನ್ಶೂರೆನ್ಸಿಗೆ ಬೆಲೆ ಬೇಕಾದವರು ಬೇರೆ ಕಡೆ ನೋಡಿಕೊಳ್ಳಬೇಕು.

ಫೀಸು 1,500 ರೂಪಾಯಿ, ಗಂಧಕಕ್ಕೆ ಬೇರೆ 100. ಬೆಂಗಳೂರಿನ 5,000ದ ಜೊತೆ ಇದನ್ನು ಹೋಲಿಸಲು ಹೋಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ದೊಡ್ಡ ಮನೆಗಳ ರೈಫಲ್ ಆದರೆ ಇನ್ನೊಂದು ದಾರಿಯೂ ಇದೆ. ಹಾಲೆಂಡ್, ಪರ್ಡಿ, ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್, ಇವರು ಹಳೇ ಲೆಕ್ಕದ ಪುಸ್ತಕ ಉಳಿಸಿಕೊಂಡಿದ್ದಾರೆ. ನಂಬರ್ ಬರೆದು ಕಳಿಸಿದರೆ ಯಾವ ವರ್ಷ, ಯಾರಿಗೆ ಮಾಡಿದ್ದು ಅಂತ ಹುಡುಕಿ ಹೇಳುತ್ತಾರೆ. ಆದರೆ ಮೊದಲು ಅದು ಅವರದ್ದೇ ನಂಬರ್ ಅಂತ ಗೊತ್ತಿರಬೇಕಲ್ಲ. ಪೆಟ್ಟಿಗೆ ನೋಡಿ ನಾನು ಹಾಲೆಂಡಿಗೆ ಬರೆದಿದ್ದರೆ ಬೇರೆ ಯಾರದ್ದೋ ಬಂದೂಕಿನ ಜಾತಕ ಬರುತ್ತಿತ್ತು, ನಾನು ಅದಕ್ಕೂ ಫ್ರೇಮ್ ಹಾಕಿಸುತ್ತಿದ್ದೆ.

ಇನ್ನೊಂದು ವಿಷಯ. ನನ್ನ ಲೈಸೆನ್ಸಿನಲ್ಲಿ ಮೇಕ್ ಅನ್ನುವ ಕಡೆ ಹಾಲೆಂಡ್ ಅಂತಲೇ ಇದೆ, ತಾತನ ಕಾಲದಿಂದ ಹಾಗೇ ನಕಲಾಗುತ್ತಾ ಬಂದಿದೆ. ನೀವೇ ತಿದ್ದಿ ಸಹಿ ಹಾಕಿ ಅಂದಿದ್ದಕ್ಕೆ ಮೇಸ್ತ್ರಿ ಕೈ ಮುಗಿದು, 'ಅದು ಡಿಸಿ ಆಫೀಸ್ ಕೆಲ್ಸ ಕಣಪ್ಪಾ, ಅರ್ಜಿ ಹಾಕು' ಅಂದರು. ಕೋಲಾರಕ್ಕೆ ಹೋಗಿ ಹಾಕಿದ್ದೇನೆ. ನಂಬರ್ ಸರಿ ಇದೆ, ಬೋರ್ ಸರಿ ಇದೆ, ಹೆಸರು ಯಾಕೆ ಬದಲಾಯಿಸುತ್ತೀರಿ, ಹಾಲೆಂಡ್ ಅಂತಿದ್ದರೇ ಚೆನ್ನಾಗಿದೆ ಅಲ್ವಾ ಸಾರ್ ಅಂತ ಅಲ್ಲಿನ ಒಬ್ಬರು ಕೇಳಿದರು.

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಟ್ ಮಾಡಿದ್ದು ಫೋನ್ ಎತ್ತದ್ದಕ್ಕೆ. ಹೋಗುವವರು ಲೈಸೆನ್ಸ್ ಪುಸ್ತಕದ ಜೊತೆ ಊಟದ ಡಬ್ಬಿ ತೆಗೆದುಕೊಂಡು ಹೋಗಿ. ಭಾನುವಾರ ರಜೆ. ಚುನಾವಣೆ ಘೋಷಣೆ ಆಗಿದ್ದರೆ ಹೋಗಲೇಬೇಡಿ, ನಿಮ್ಮ ಬಂದೂಕು ಸ್ಟೇಷನ್ನಿನಲ್ಲಿರುತ್ತದೆ, ಮೇಸ್ತ್ರಿ ಅಂಗಡಿಗೆ ಬೀಗ ಹಾಕಿ ಮಗಳ ಊರಿಗೆ ಹೋಗಿರುತ್ತಾರೆ. ಪೆಟ್ಟಿಗೆ ಮನೆಯಲ್ಲೇ ಬಿಟ್ಟು ಹೋಗಿ.